ಪರದೆಯ ಮೇಲೆ ದಪ್ಪಗಾದ ಫಕ್ಕೀರಪ್ಪ

ಹಾವೇರಿ ಜಿಲ್ಲೆಯ ಒಂದು ಸರಕಾರಿ ಕಚೇರಿಯೊಳಗೆ ಬರಗಾಲ ಕಾಲಿಡುವುದಿಲ್ಲ. ಮಳೆ ಕೈಕೊಟ್ಟ ವರ್ಷದಲ್ಲೂ ಅಲ್ಲಿನ ಕಂಪ್ಯೂಟರಿನ ಪರದೆಯಲ್ಲಿ ರೈತರೆಲ್ಲ ತುಂಬುಗಲ್ಲದವರಾಗಿಯೇ ಕಾಣಿಸಿಕೊಳ್ಳುತ್ತಾರೆ. ಅರ್ಜಿಗೆ ಲಗತ್ತಿಸಿದ ಫೋಟೋದಲ್ಲಿ ಎಲುಬು ಎಣಿಸಲು ಬರುವಂತಿದ್ದ ಎತ್ತು ಪರದೆಗೆ ಬಂದದ್ದೇ ತಡ, ದೀಪಾವಳಿಯ ಕೊಬ್ಬರಿ ಹೋರಿಯಂತೆ ಮೈದುಂಬಿ ನಿಲ್ಲುತ್ತದೆ. ಇದು ಯಾವ ಯೋಜನೆಯ ಫಲವೂ ಅಲ್ಲ. 4:3 ಅಳತೆಯ ಚಿತ್ರವನ್ನು 16:9 ಅಳತೆಯ ಮಾನಿಟರಿನ ತುಂಬ ಹಿಗ್ಗಿಸಿದಾಗ ಎತ್ತರ ಇದ್ದಷ್ಟೇ ಇದ್ದು, ಅಗಲ ಮಾತ್ರ ಮೂರನೇ ಒಂದರಷ್ಟು ಹೆಚ್ಚಾಗುತ್ತದೆ. ಹಸಿದವನನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ದಪ್ಪ ಮಾಡುವ ವಿದ್ಯೆ ಬೇರೆ ಯಾವ ಇಲಾಖೆಗೂ ಇನ್ನೂ ಒಲಿದಂತಿಲ್ಲ.

ಆ ಮಾನಿಟರಿನಲ್ಲಿ ಅಡ್ಡಕ್ಕೆ 1920, ಮೇಲಿನಿಂದ ಕೆಳಕ್ಕೆ 1080 ಚುಕ್ಕಿಗಳಿವೆ. ಗುಣಿಸಿದರೆ 20,73,600 ಆಗುತ್ತವೆ. ಕಚೇರಿಯವರು ಅದನ್ನು ನಡೆಸುತ್ತಿರುವುದು 1024ಕ್ಕೆ 768ರ ಲೆಕ್ಕದಲ್ಲಿ, ಅಂದರೆ 7,86,432 ಚುಕ್ಕಿಗಳಲ್ಲಿ. ಇಪ್ಪತ್ತು ಲಕ್ಷ ಮಂಜೂರಾದ ಕಾಮಗಾರಿಗೆ ಎಂಟು ಲಕ್ಷವೂ ಖರ್ಚಾಗದಿರುವುದು ನಮ್ಮ ಕಡೆ ಹೊಸ ಸುದ್ದಿಯಲ್ಲ. ಆದರೆ ಉಳಿದ ಹಣ ಮಾರ್ಚ್ 31ರೊಳಗೆ ಹೇಗಾದರೂ ಮಾಡಿ ಎಲ್ಲಿಗಾದರೂ ಹೋಗಿ ಸೇರುತ್ತದೆ. ಇಲ್ಲಿ ಉಳಿದ ಚುಕ್ಕಿಗಳು ಪಾಪ, ಎಲ್ಲಿಗೂ ಹೋಗಲಾಗದೆ, ಅಕ್ಕಪಕ್ಕದವುಗಳ ಬಣ್ಣವನ್ನು ಕೈಗಡ ತಂದು ಹೊಟ್ಟೆ ಹೊರೆಯುತ್ತಿವೆ. 1024 ಚುಕ್ಕಿಗಳನ್ನು 1920 ಮನೆಗಳಿಗೆ ಹಂಚಿದರೆ ಒಂದೊಂದರ ಪಾಲಿಗೆ 1.875 ಮನೆ ಬರುತ್ತದೆ. ಅಣ್ಣತಮ್ಮಂದಿರ ವಾಟಣಿಯಲ್ಲಿ ಗಡಿಕಲ್ಲು ಒಬ್ಬನ ಪಡಸಾಲೆಯ ನಟ್ಟನಡುವೆ ಬಂದು ಕೂತಂತೆ, ಅಕ್ಷರದ ಅಂಚು ಎರಡು ಮನೆಗಳ ನಡುವೆ ಸಿಕ್ಕಿಕೊಂಡು ಎರಡೂ ಕಡೆಗೆ ಅರ್ಧರ್ಧ ಹರಡಿಕೊಳ್ಳುತ್ತದೆ. ಕಚೇರಿಯ ಕಡತದಲ್ಲಿ ಇದಕ್ಕೆ ‘ಪರದೆ ಮಂಜಾಗಿದೆ’ ಎಂದು ಬರೆಯಲಾಗಿದೆ.

ಇದನ್ನು ಹೀಗೆ ಮಾಡಿಟ್ಟವರು ಕೆಟ್ಟವರಲ್ಲ. ಕಣ್ಣಿನ ಪೊರೆ ಬೆಳೆದು ನಿವೃತ್ತಿಗೆ ಹತ್ತಿರವಾಗಿದ್ದ ಗುಮಾಸ್ತರೊಬ್ಬರು ಅಕ್ಷರ ದೊಡ್ಡದಾಗಿ ಕಾಣಲಿ ಎಂದು ರೆಸಲ್ಯೂಷನ್, ಅಂದರೆ ಈ ಚುಕ್ಕಿಗಳ ಲೆಕ್ಕ, ಇಳಿಸಿದ್ದರು. ಅಕ್ಷರವನ್ನು ದೊಡ್ಡದು ಮಾಡಲು ಅದೇ ಸೆಟ್ಟಿಂಗಿನ ಪುಟದಲ್ಲಿ, ರೆಸಲ್ಯೂಷನ್ನಿಗಿಂತ ಒಂದು ಸಾಲು ಮೇಲೆಯೇ, ‘ಸ್ಕೇಲ್’ ಎಂಬುದಿದೆ. ಅದನ್ನು 125ಕ್ಕೋ 150ಕ್ಕೋ ಏರಿಸಿ ರೆಸಲ್ಯೂಷನ್ನನ್ನು ಇದ್ದಲ್ಲಿಯೇ ಬಿಟ್ಟರೆ ಅಕ್ಷರ ದೊಡ್ಡದೂ ಆಗುತ್ತದೆ, ಹರಿತವಾಗಿಯೂ ಉಳಿಯುತ್ತದೆ. ಆ ಹಿರಿಯರಿಗೆ ಇದನ್ನು ಯಾರೂ ಹೇಳಲಿಲ್ಲ. ಅವರು ನಿವೃತ್ತರಾಗಿ, ಪೊರೆ ತೆಗೆಸಿಕೊಂಡು, ಈಗ ಮನೆಯಲ್ಲಿ ಕನ್ನಡಕವಿಲ್ಲದೆ ಪತ್ರಿಕೆ ಓದುತ್ತಾರಂತೆ. ಅವರ ಕಣ್ಣಿನ ಪೊರೆ ಮಾತ್ರ ಕಚೇರಿಯಲ್ಲಿ ಸೇವೆ ಮುಂದುವರಿಸಿದೆ.

ಮಾನಿಟರಿನ ಹಿಂದಿನ ಕೇಬಲ್ಲಿನ ಕಥೆ ಬೇರೆಯೇ ಇದೆ. ಅದು ಹದಿನೈದು ಪಿನ್ನುಗಳ ನೀಲಿ ಮೂತಿಯ ವಿಜಿಎ. ಐಬಿಎಂ ಕಂಪನಿ ಅದನ್ನು ತಂದದ್ದು 1987ರಲ್ಲಿ. ಧಾರವಾಡದಿಂದ ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹೀಗೆ ಜಿಲ್ಲೆಗಿಂತ ಹತ್ತು ವರ್ಷ ಹಿರಿಯವಾದ ಈ ಜೋಡಣೆಯಲ್ಲಿ ಕಂಪ್ಯೂಟರು ತನ್ನ ಅಂಕಿಗಳನ್ನು ವಿದ್ಯುತ್ತಿನ ಏರಿಳಿತವಾಗಿ ಬದಲಿಸಿ ಕಳಿಸುತ್ತದೆ, ಮಾನಿಟರು ಆ ಏರಿಳಿತವನ್ನು ಮತ್ತೆ ಅಂಕಿಗಳಾಗಿ ಊಹಿಸಿಕೊಳ್ಳುತ್ತದೆ. ಕನ್ನಡದ ಸುತ್ತೋಲೆಯನ್ನು ಇಂಗ್ಲಿಷಿಗೆ ಅನುವಾದಿಸಿ, ಆ ಇಂಗ್ಲಿಷನ್ನು ಮರಳಿ ಕನ್ನಡಕ್ಕೆ ತಂದು ಓದುವ ಪರಿಪಾಠವುಳ್ಳ ಕಚೇರಿಗೆ ಇದು ಒಪ್ಪುವಂಥದ್ದೇ. ಅಂಕಿಯನ್ನು ಅಂಕಿಯಾಗಿಯೇ ಸಾಗಿಸುವ ಎಚ್‌ಡಿಎಂಐ ಕೇಬಲ್ಲು ಮಾನಿಟರಿನ ಡಬ್ಬಿಯಲ್ಲಿಯೇ ಬಂದಿತ್ತು. ಆದರೆ ಅದನ್ನು ದಾಸ್ತಾನು ವಹಿಯಲ್ಲಿ ನಮೂದಿಸಿ ಕಪಾಟಿನಲ್ಲಿ ಇಡಲಾಯಿತು; ಕಪಾಟಿನ ಕೀಲಿಕೈ ವರ್ಗವಾಗಿ ಹೋದವರ ಜತೆ ಹೋಯಿತು. ಈಗ ಅದು ದಾಖಲೆಯಲ್ಲಿ ಸುಸ್ಥಿತಿಯಲ್ಲಿದೆ.

ಪಕ್ಕದ ಮೇಜಿನ ಪರದೆಯೋ, ಪೂರ್ತಿ ಹಳದಿ. ವಿಜಿಎಯಲ್ಲಿ ಮೂರನೆಯ ಪಿನ್ನು ನೀಲಿ ಬಣ್ಣವನ್ನು ಹೊರುತ್ತದೆ. ತಿರುಪು ಬಿಗಿ ಮಾಡದೆ ಬಿಟ್ಟ ಕೇಬಲ್ಲು ಕಸಬರಿಗೆಗೆ ತಾಗಿ ಕಳಚಿದಾಗ ಯಾರೋ ಅದನ್ನು ಒತ್ತಿ ತುರುಕಿದರು, ಆ ಪಿನ್ನು ಮಣಿಯಿತು, ನೀಲಿ ಹೋದ ಬಿಳಿಯೆಲ್ಲ ಅರಿಶಿಣವಾಯಿತು. ಆಯುಧ ಪೂಜೆಯ ದಿನ ಅದಕ್ಕೆ ಕುಂಕುಮವಷ್ಟನ್ನೇ ಹಚ್ಚಿದರೆ ಸಾಕಾಯಿತು ಎಂದು ಜವಾನರು ಸಂತೋಷದಿಂದಲೇ ಹೇಳಿದರು.

ಇಂಗ್ಲಿಷ್ ಅಕ್ಷರಗಳು ಇಂಥ ಮಂಜನ್ನು ಹೇಗೋ ತಾಳಿಕೊಳ್ಳುತ್ತವೆ, ಕನ್ನಡದವು ತಾಳುವುದಿಲ್ಲ. ಬ ಮತ್ತು ಭ, ದ ಮತ್ತು ಧ, ಪ, ಫ ಮತ್ತು ಷ ಇವೆಲ್ಲ ಒಂದು ಸಣ್ಣ ಗೆರೆಯ ಅಂತರದಲ್ಲಿ ಬದುಕುತ್ತವೆ. ಒತ್ತಕ್ಷರಗಳ ಗತಿಯನ್ನಂತೂ ಹೇಳುವುದೇ ಬೇಡ. ಶಿರಹಟ್ಟಿಯ ಫಕ್ಕೀರೇಶ್ವರನಿಗೆ ನಡೆದುಕೊಳ್ಳುವ ಈ ಸೀಮೆಯಲ್ಲಿ ಓಣಿಗೊಬ್ಬ ಫಕ್ಕೀರಪ್ಪನಿದ್ದಾನೆ. ಅಂಥ ಒಬ್ಬ ಫಕ್ಕೀರಪ್ಪ, ತಲಾಟಿಯ ಕೈಬರಹದ ಕಾಲದುದ್ದಕ್ಕೂ ಫಕ್ಕೀರಪ್ಪನಾಗಿಯೇ ಇದ್ದವನು, ಕಂಪ್ಯೂಟರಿನ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಪಕ್ಕೀರಪ್ಪನಾಗಿಬಿಟ್ಟಿದ್ದ. ಆಧಾರಿನಲ್ಲಿ ಒಂದು, ಉತಾರದಲ್ಲಿ ಇನ್ನೊಂದು ಆದ್ದರಿಂದ ಬೆಳೆ ಪರಿಹಾರ ಯಾರಿಗೂ ಸಲ್ಲದೆ ನಿಂತಿತ್ತು. ನಾನು ಹುಬ್ಬಳ್ಳಿಯಿಂದ ನಮ್ಮ ಎರಡೆಕರೆಯ ಉತಾರ ತೆಗೆಸಲು ಹೋದ ದಿನ ಆ ಅಜ್ಜ ಸರದಿಯಲ್ಲಿ ನನ್ನ ಮುಂದಿದ್ದ. ಕೈಯಲ್ಲಿ ನೋಟರಿಯ ಅಫಿಡವಿಟ್ಟು, ಹಿಂದೆ ಐಟಿಐ ಓದುವ ಮೊಮ್ಮಗ.

ಅಜ್ಜನ ಹೆಗಲ ಮೇಲಿನಿಂದ ಪರದೆಯನ್ನು ನೋಡಿ ನಾನು ತಡೆಯಲಾರದೆ ಬಾಯಿ ಹಾಕಿದೆ.

“ಸಾಹೇಬ್ರ, ಇದರ ರೆಸಲ್ಯೂಷನ್ ಸರಿ ಇಲ್ಲರಿ. ಒಂದೀಟು ಬದಲು ಮಾಡಿದ್ರ ಅಕ್ಷರ ಸ್ವಚ್ಛ ಕಾಣ್ತಾವ.”

ಗುಮಾಸ್ತರು ಕನ್ನಡಕ ಒರೆಸಿಕೊಂಡು ಸಮಾಧಾನದಿಂದ ಉತ್ತರಿಸಿದರು. “ರೆಸಲ್ಯೂಷನ್ ಬದಲು ಮಾಡಬೇಕಂದ್ರ ಮೊದಲ ಮೀಟಿಂಗಿನ್ಯಾಗ ಠರಾವು ಪಾಸ್ ಆಗಬೇಕ್ರಿ. ನಮ್ಮ ಹಂತದಾಗ ಬರೂದಿಲ್ಲ.”

ಅವರು ತಮಾಷೆ ಮಾಡುತ್ತಿದ್ದಾರೆಂದು ಕೆಲ ಹೊತ್ತು ಕಾದೆ. ಅವರು ತಮಾಷೆ ಮಾಡುತ್ತಿರಲಿಲ್ಲ. ಹೊಸ ಮಾನಿಟರಿಗಾಗಿ ಪ್ರಸ್ತಾವ ಹೋಗಿದೆ, ಮೂರು ಕೊಟೇಶನ್ ಕೇಳಿದ್ದಾರೆ, ಎರಡು ಬಂದಿವೆ. ನಿರ್ವಹಣೆಯ ಗುತ್ತಿಗೆಯವರ ಹುಡುಗ ಒಮ್ಮೆ ಬಂದಿದ್ದನಂತೆ. ಅವನು ಪರದೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬ್ರೈಟ್‌ನೆಸ್ಸನ್ನು ನೂರಕ್ಕೆ ಏರಿಸಿ, ರುಜು ಹಾಕಿಸಿಕೊಂಡು ಹೋದ. ಅಲ್ಲಿಯವರೆಗೆ ಮಂಜಾಗಿದ್ದದ್ದು ಅಂದಿನಿಂದ ಬೆಳಕುಳ್ಳ ಮಂಜಾಯಿತು.

ಗುಮಾಸ್ತರು ಎಲೆ ಅಡಿಕೆ ಉಗುಳಲು ಎದ್ದು ಹೋದಾಗ ಮೊಮ್ಮಗ ಮೌಸಿಗೆ ಕೈ ಹಚ್ಚಿದ. ಸೆಟ್ಟಿಂಗಿನ ಪುಟ ತೆರೆದ. ಬಳಿಕ ಪಟ್ಟಿಯ ತುದಿಯಲ್ಲಿ ‘ಶಿಫಾರಸು’ ಎಂಬ ಗುರುತಿನೊಡನೆ ಇಷ್ಟು ವರ್ಷ ಕಾಯುತ್ತ ಕೂತಿದ್ದ 1920ಕ್ಕೆ 1080ನ್ನು ಆರಿಸಿದ. ಪರದೆ ಒಮ್ಮೆ ಕಪ್ಪಾಗಿ ಬೆಳಗಿತು. ಸೊನ್ನೆಗಳು ಮೊಟ್ಟೆಯ ಆಕಾರ ಬಿಟ್ಟು ದುಂಡಗಾದವು, ಅಜ್ಜನ ಗಲ್ಲ ಇಳಿದು ಗುಳಿ ಬಿದ್ದ ಅವನ ನಿಜವಾದ ಮುಖ ಬಂತು, ಫಕಾರದ ಸೀಳು ಕೂದಲೆಳೆಯಷ್ಟು ಹರಿತವಾಗಿ ಕಂಡಿತು. ನಡುವೆ ಒಂದು ಚೌಕ ತೆರೆದು, ಈ ಬದಲಾವಣೆಯನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಕೇಳಿ, ಹದಿನೈದು ಸೆಕೆಂಡುಗಳನ್ನು ಒಂದೊಂದಾಗಿ ಇಳಿಸತೊಡಗಿತು.

ಅಷ್ಟರಲ್ಲಿ ಮರಳಿದ ಗುಮಾಸ್ತರು ಕೂಗಿಕೊಂಡರು. “ಏ ತಮ್ಮಾ, ಅದಕ್ಕ ಕೈ ಹಚ್ಚಬ್ಯಾಡ! ಸಾಹೇಬ್ರನ್ನ ಕೇಳದ ಒತ್ತಂಗಿಲ್ಲ ಅದನ್ನ!”

ಸರಕಾರಿ ಕಚೇರಿಯಲ್ಲಿ ಹದಿನೈದು ಸೆಕೆಂಡಿನೊಳಗೆ ನಿರ್ಣಯ ಕೇಳುವ ಧೈರ್ಯ ಒಂದು ಯಂತ್ರಕ್ಕಲ್ಲದೆ ಮತ್ತಾರಿಗೂ ಬರಲಾರದು. ಗುಮಾಸ್ತರು ಜವಾನನನ್ನು ಕರೆದರು, ಜವಾನ ಸಾಹೇಬರ ಕೋಣೆಯತ್ತ ನಡೆದ, ಸಾಹೇಬರು ಫೋನಿನಲ್ಲಿದ್ದರು. ಯಾರೂ ಉತ್ತರಿಸದಿದ್ದರೆ ಮೊದಲಿದ್ದಂತೆ ಮಾಡಬೇಕೆಂಬುದು ಕಂಪ್ಯೂಟರಿಗೂ ಗೊತ್ತಿರುವ ನಿಯಮ. ಪರದೆ ಮತ್ತೊಮ್ಮೆ ಕಪ್ಪಾಗಿ, ಸೊನ್ನೆಗಳು ಮತ್ತೆ ಮೊಟ್ಟೆಗಳಾಗಿ, ಅಜ್ಜ ಮತ್ತೆ ಉಂಡು ತೇಗಿದವನಂತಾದ.

ಗುಮಾಸ್ತರು ಕುರ್ಚಿಯನ್ನು ಎಳೆದುಕೊಂಡು, ಮೂಗು ಪರದೆಗೆ ತಾಗುವಷ್ಟು ಬಾಗಿ, ಅಫಿಡವಿಟ್ಟನ್ನು ಪಕ್ಕಕ್ಕಿಟ್ಟು ಅಕ್ಷರ ಅಕ್ಷರವಾಗಿ ತಿದ್ದಿದರು. ಪ್ರಿಂಟು ಬಂತು. ಮೊಮ್ಮಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದ: ‘ಷಕ್ಕೀರಪ್ಪ’.

“ಈಗ ಬರೋಬ್ಬರಿ ಆತ್ ನೋಡ್ರಿ ಯಜಮಾನ್ರ,” ಎಂದರು ಗುಮಾಸ್ತರು. “ಮೊದಲ ಇರಲಾರದ ಗೆರಿ ಒಂದು ಈಗ ಬಂದೈತಿ.”