ಜನರಲ್ ಸಾಹೇಬರಿಗೆ ಅಭಿನಂದನೆಗಳು

ಅಂತೂ ಮ್ಯಾನ್ಮಾರ್‌ನಲ್ಲಿ ಚುನಾವಣೆ ಮುಗಿಯಿತು. 2025ರ ಡಿಸೆಂಬರ್ 28ಕ್ಕೆ ಶುರುವಾಗಿ ಜನವರಿ 25ರವರೆಗೆ, ಮೂರು ಕಂತಿನಲ್ಲಿ. ಗೆದ್ದದ್ದು ಸೈನ್ಯದ ಪಕ್ಷ. ಆಶ್ಚರ್ಯ ಆದವರು ಯಾರಾದರೂ ಇದ್ದರೆ ದಯವಿಟ್ಟು ಕೈ ಎತ್ತಿ.

ಇದೇ ಪಕ್ಷ 2020ರಲ್ಲಿ 476 ಸೀಟಿನಲ್ಲಿ ಗೆದ್ದದ್ದು 33. ಆಂಗ್ ಸಾನ್ ಸೂ ಕಿ ಪಕ್ಷಕ್ಕೆ 396 ಸಿಕ್ಕಿತ್ತು. ಐದೇ ವರ್ಷದಲ್ಲಿ ಎಂಥ ಚೇತರಿಕೆ! ನಮ್ಮ ಚುನಾವಣಾ ತಂತ್ರಗಾರರು ಕೋಟಿಗಟ್ಟಲೆ ಫೀಸು ತಗೊಂಡು ಸರ್ವೆ ಮಾಡುತ್ತಾ ಕೂರುತ್ತಾರೆ, ಸುಮ್ನೆ ದಂಡ. ಎದುರಾಳಿಯನ್ನು ಜೈಲಿಗೆ ಹಾಕಬೇಕು, ಅವರ ಪಕ್ಷವನ್ನು 2023ರಲ್ಲಿ ರದ್ದು ಮಾಡಬೇಕು, ಚುನಾವಣೆಯನ್ನು ಟೀಕಿಸಿದವರಿಗೆ ಸೆರೆವಾಸ ಅಂತ 2025ರಲ್ಲಿ ಕಾನೂನು ತರಬೇಕು, ಸೈನ್ಯ ಕಾಲಿಡೋಕೂ ಆಗದ ಅರವತ್ತಕ್ಕೂ ಹೆಚ್ಚು ಟೌನ್‌ಶಿಪ್‌ಗಳಲ್ಲಿ (ನಮ್ಮ ತಾಲ್ಲೂಕು ಇದ್ದ ಹಾಗೆ) ಮತದಾನವನ್ನೇ ಇಡಬಾರದು, ಉಳಿದ ಕಡೆ ಹೊಸ ಮತಯಂತ್ರ ಇಡಬೇಕು. ಆ ಯಂತ್ರದಲ್ಲಿ ಯಾರಿಗೂ ಬೇಡ ಅಂತ ಮತವನ್ನು ಖಾಲಿ ಬಿಡೋಕೂ ಬರಲ್ಲವಂತೆ. ಇಷ್ಟಾದ ಮೇಲೂ ಸೋತರೆ ಅದು ನಿಜಕ್ಕೂ ಸುದ್ದಿ.

ಸರ್ವಾಧಿಕಾರ ಹೋಗಿ ಪ್ರಜಾಪ್ರಭುತ್ವ ಬರೋ ಕಡೆಯೆಲ್ಲ ಯಾಕೆ ಕೆಡುತ್ತೆ ಅಂತ ಪಂಡಿತರು ದಪ್ಪ ದಪ್ಪ ಪುಸ್ತಕ ಬರೆದಿದ್ದಾರೆ. ಬಡತನ ಅಂತಾರೆ, ಜನಾಂಗಗಳ ಜಗಳ ಅಂತಾರೆ, ಮಧ್ಯಮ ವರ್ಗ ಸಾಕಷ್ಟು ಬೆಳೆದಿರಲಿಲ್ಲ ಅಂತಾರೆ. ಎಲ್ಲ ಇರಬಹುದು. ಆದರೆ ಮ್ಯಾನ್ಮಾರ್ ವಿಷಯದಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. ಅಧಿಕಾರ ಬಿಟ್ಟು ಹೋಗುವ ಜನರಲ್‌ಗಳೇ ಕೂತು ಬಿಟ್ಟು ಹೋಗುವ ಷರತ್ತು ಬರೆದರು. ಹೋಗದೇ ಇರೋದಕ್ಕೆ ಬೇಕಾದ್ದನ್ನೆಲ್ಲ ಅದರಲ್ಲೇ ಬರೆದುಕೊಂಡರು. ಓದಿದವರು, ಪರವಾಗಿಲ್ಲ, ಇಷ್ಟಾದರೂ ಕೊಟ್ಟರಲ್ಲ ಅಂತ ಚಪ್ಪಾಳೆ ತಟ್ಟಿದರು.

ಷರತ್ತು ಬರೆದ ಕಥೆಯೂ ಚೆನ್ನಾಗಿದೆ. 1990ರಲ್ಲಿ ಚುನಾವಣೆ ಇಟ್ಟರು. ಸೂ ಕಿ ಗೃಹಬಂಧನದಲ್ಲಿದ್ದರು, ಆದರೂ ಅವರ ಪಕ್ಷ 485ರಲ್ಲಿ 392 ಗೆದ್ದಿತು. ಆಗ ಜನರಲ್‌ಗಳು, ಅಯ್ಯೋ ಇದು ಸರ್ಕಾರ ಮಾಡೋಕಲ್ಲ, ಸಂವಿಧಾನ ಬರೆಯೋಕೆ ಅಂದುಬಿಟ್ಟರು. ಸರಿ, ಬರೆಯೋಣ ಅಂತ 1993ರಲ್ಲಿ ಕೂತವರು ಎದ್ದದ್ದು 2007ರಲ್ಲಿ. ನಮ್ಮವರು ಎರಡು ವರ್ಷ ಹನ್ನೊಂದು ತಿಂಗಳಲ್ಲಿ ಮುಗಿಸಿದ ಕೆಲಸಕ್ಕೆ ಅವರಿಗೆ ಹದಿನಾಲ್ಕು ವರ್ಷ. ಅವಸರ ಮಾಡಿದರೆ ಗುಣಮಟ್ಟ ಕೆಡುತ್ತೆ, ಅಲ್ವಾ.

ಆಮೇಲೆ ಜನಾಭಿಪ್ರಾಯ ಕೇಳಿದರು. 2008ರ ಮೇ 2ರಂದು ನರ್ಗಿಸ್ ಚಂಡಮಾರುತ ಬಂದು ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತಿದ್ದರು. ಇರಾವತಿ ಮುಖಜ ಭೂಮಿಯಲ್ಲಿ ಹೆಣಗಳು ಇನ್ನೂ ನೀರಿನಲ್ಲಿದ್ದವು. ಹೊರಗಿನಿಂದ ಬಂದ ನೆರವನ್ನು ಒಳಗೆ ಬಿಡೋಕೆ ಇವರಿಗೆ ಪುರುಸೊತ್ತಿರಲಿಲ್ಲ. ಮೇ 10ಕ್ಕೆ ಮತದಾನ ನಡೆಸೋಕೆ ಮಾತ್ರ ಇತ್ತು. ನೊಂದ ಜಾಗಗಳಿಗೆ ದೊಡ್ಡ ಮನಸ್ಸು ಮಾಡಿ ಎರಡು ವಾರ ರಿಯಾಯಿತಿ ಕೊಟ್ಟರು. ಫಲಿತಾಂಶ: ಶೇ 92.48ರಷ್ಟು ಜನ ಒಪ್ಪಿದ್ದಾರೆ. ಆ ಪಾಯಿಂಟ್ ನಾಲ್ಕು ಎಂಟು ನೋಡಿ. ಸುಳ್ಳು ಹೇಳುವಾಗಲೂ ದಶಮಾಂಶ ಬಿಡಬಾರದು.

ಹೀಗೆ ಹುಟ್ಟಿದ ಸಂವಿಧಾನದಲ್ಲಿ ಸಂಸತ್ತಿನ ಕಾಲು ಭಾಗ ಸೀಟು ಸೈನ್ಯಕ್ಕೆ, ಚುನಾವಣೆ ಇಲ್ಲದೆ. ತಿದ್ದುಪಡಿಗೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಮತ ಬೇಕು. ಲೆಕ್ಕ ನೀವೇ ಹಾಕಿ. ರಕ್ಷಣೆ, ಗೃಹ, ಗಡಿ ಮೂರೂ ಖಾತೆಗೆ ಮಂತ್ರಿಗಳನ್ನು ಸೇನಾ ಮುಖ್ಯಸ್ಥರೇ ಆರಿಸುತ್ತಾರೆ. ಅಂದರೆ ಗೆದ್ದ ಸರ್ಕಾರಕ್ಕೆ ಪೊಲೀಸ್ ಪೇದೆಯ ಮೇಲೂ ಹಿಡಿತವಿಲ್ಲ. ಹೆಂಡತಿಯೋ ಗಂಡನೋ ಮಕ್ಕಳೋ ವಿದೇಶಿಯರಾಗಿದ್ದರೆ ಅಧ್ಯಕ್ಷರಾಗುವಂತಿಲ್ಲ ಅಂತ ಇನ್ನೊಂದು ಕಲಮು. ಸೂ ಕಿ ಮಕ್ಕಳು ಬ್ರಿಟಿಷ್ ಪ್ರಜೆಗಳು. ಬರೀ ಕಾಕತಾಳೀಯ.

ಕಾಕತಾಳೀಯ ಅಂದಾಗ ನೆನಪಾಯಿತು, ಈ ದೇಶ ಆಳಿದವರಿಗೆ ಅಂಕಿಗಳ ಹುಚ್ಚು ಜಾಸ್ತಿ. 1962ರಲ್ಲಿ ಅಧಿಕಾರ ಕಿತ್ತುಕೊಂಡ ನೆ ವಿನ್‌ಗೆ ಒಂಬತ್ತು ಅದೃಷ್ಟದ ಸಂಖ್ಯೆಯಂತೆ. 1987ರಲ್ಲಿ 25, 35, 75 ಕ್ಯಾಟ್ ನೋಟುಗಳನ್ನು ರಾತ್ರೋರಾತ್ರಿ ರದ್ದು ಮಾಡಿದರು. ಬದಲಾಯಿಸಿಕೊಳ್ಳೋಕೆ ಅವಕಾಶವೇ ಇಲ್ಲ, ಹೋದದ್ದು ಹೋಯಿತು. ಬದಲಿಗೆ 45 ಮತ್ತು 90ರ ನೋಟು ಬಂತು. ಎರಡೂ ಒಂಬತ್ತರಿಂದ ಭಾಗವಾಗುತ್ತವೆ. ತೊಂಬತ್ತು ಕೊಟ್ಟು ಹದಿನೇಳರ ತರಕಾರಿ ತಗೊಂಡರೆ ಚಿಲ್ಲರೆ ಎಷ್ಟು ಅಂತ ಆ ಅಂಗಡಿಯವರ ಸ್ಥಿತಿ ಊಹಿಸಿ. ಮುಂದಿನ ವರ್ಷ ಜನ ಬೀದಿಗಿಳಿದರು. ಸೈನ್ಯ ಗುಂಡು ಹಾರಿಸಿ ಮತ್ತೆ ಅಧಿಕಾರ ಹಿಡಿದದ್ದು ಸೆಪ್ಟೆಂಬರ್ 18ಕ್ಕೆ. ಒಂದು ಕೂಡು ಎಂಟು ಒಂಬತ್ತು, ತಿಂಗಳೂ ಒಂಬತ್ತನೆಯದು. 1990ರ ಚುನಾವಣೆ ಮೇ 27ಕ್ಕೆ. ಕೂಡಿ ನೋಡಿ. ಇನ್ನು 2015 ಮತ್ತು 2020ರ ಚುನಾವಣೆಗಳು ಎರಡೂ ನಡೆದದ್ದು ನವೆಂಬರ್ 8ಕ್ಕೆ. ಆ ತಾರೀಕು ನಮಗೂ ಬೇರೆ ಕಾರಣಕ್ಕೆ ನೆನಪಿದೆ, ಎಟಿಎಂ ಕ್ಯೂನಲ್ಲಿ ನಿಂತವರು ಮರೆತಿರಲ್ಲ. ಇರಲಿ, ವಿಷಯ ಎಲ್ಲಿಗೋ ಹೋಯಿತು.

ಈ ಸಂವಿಧಾನದಂತೆ ಹೊಸ ಸರ್ಕಾರ ಬಂದ 2011ರಿಂದ ಕೆಲವು ವರ್ಷ ಜಗತ್ತಿಗೆ ಮ್ಯಾನ್ಮಾರ್ ಅಂದರೆ ಮುದ್ದಿನ ಕೂಸು. 2012ರಲ್ಲಿ ಒಬಾಮ ಹೋಗಿ ಬಂದರು. ಸಿಮ್ ಕಾರ್ಡ್ ಅಗ್ಗವಾಯಿತು, ಕಂಪನಿಗಳು ಓಡಿ ಬಂದವು. 2015ರಲ್ಲಿ ಸೂ ಕಿ ಗೆದ್ದರು. ಅಧ್ಯಕ್ಷರಾಗೋಕೆ ಕಲಮು ಅಡ್ಡ ಬಂತಲ್ಲ, ಅದಕ್ಕೆ ಕೋ ನಿ ಅನ್ನೋ ವಕೀಲರು ಒಂದು ದಾರಿ ಹುಡುಕಿದರು, ಸ್ಟೇಟ್ ಕೌನ್ಸೆಲರ್ ಅಂತ ಹೊಸ ಹುದ್ದೆ. ಅವರನ್ನು 2017ರ ಜನವರಿಯಲ್ಲಿ ಯಾಂಗೂನ್ ವಿಮಾನ ನಿಲ್ದಾಣದ ಹೊರಗೆ ಹಾಡಹಗಲೇ ಗುಂಡಿಟ್ಟು ಕೊಂದರು. ಅಲ್ಲಿಗಾದರೂ ಗೊತ್ತಾಗಬೇಕಿತ್ತು.

ಗೊತ್ತಾಗಲಿಲ್ಲ. ಅದೇ ವರ್ಷ ಸೈನ್ಯ ರೋಹಿಂಗ್ಯಾ ಹಳ್ಳಿಗಳನ್ನು ಸುಟ್ಟು ಏಳು ಲಕ್ಷಕ್ಕೂ ಹೆಚ್ಚು ಜನರನ್ನು ಬಾಂಗ್ಲಾದೇಶಕ್ಕೆ ಅಟ್ಟಿತು. 2019ರ ಡಿಸೆಂಬರ್‌ನಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯ ಸೂ ಕಿ ಮೇಡಂ ಸ್ವತಃ ಹೇಗ್‌ಗೆ ಹೋಗಿ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದೇಶದ ಪರ, ಅಂದರೆ ಆ ಜನರಲ್‌ಗಳ ಪರ ವಾದಿಸಿದರು. ಮಾತು ಕೇಳಿದರೆ ಅವರೂ ಒಲಿಯುತ್ತಾರೆ ಅನ್ನೋ ಲೆಕ್ಕ ಇತ್ತೋ ಏನೋ. ಒಲಿಯಲಿಲ್ಲ. ಸೈನ್ಯದ ಸೀಟು ಹಂತಹಂತವಾಗಿ ಇಳಿಸೋಣ ಅಂತ 2020ರ ಮಾರ್ಚ್‌ನಲ್ಲಿ ಅವರ ಪಕ್ಷ ತಂದ ತಿದ್ದುಪಡಿಯನ್ನು ಸಮವಸ್ತ್ರದ ಸಂಸದರು ಕೂತಲ್ಲೇ ಸೋಲಿಸಿದರು. ಮುಂದಿನ ಫೆಬ್ರವರಿ ಒಂದಕ್ಕೆ, ಹೊಸ ಸಂಸತ್ತು ಸೇರಬೇಕಿದ್ದ ದಿನವೇ, ಸೈನ್ಯ ದಂಗೆ ಎದ್ದು ಅಧಿಕಾರ ಹಿಡಿಯಿತು, ಮೇಡಂ ಜೈಲಿಗೆ.

ತಮಾಷೆ ಏನಂದರೆ ಆ ದಂಗೆಯೂ ಕಾನೂನು ಪ್ರಕಾರವೇ ನಡೆಯಿತು ಅಂತ ಅವರ ವಾದ. ಅಧ್ಯಕ್ಷರನ್ನು ಹಿಡಿದು ಹಾಕಿದರು. ಸೈನ್ಯ ನೇಮಿಸಿದ್ದ ಉಪಾಧ್ಯಕ್ಷರು ಹಂಗಾಮಿ ಅಧ್ಯಕ್ಷರಾದರು. ಅವರು ತುರ್ತು ಪರಿಸ್ಥಿತಿ ಹೇರಿ ಅಧಿಕಾರವನ್ನು ಆಗಿನ ಸೇನಾ ಮುಖ್ಯಸ್ಥ ಜನರಲ್ ಮಿನ್ ಆಂಗ್ ಹ್ಲೈಂಗ್ ಕೈಗಿಟ್ಟರು. ಎಲ್ಲಕ್ಕೂ 2008ರಲ್ಲೇ ಕಲಮು ಬರೆದಿಟ್ಟಿದ್ದರು. ಒಂದು ವರ್ಷದ ತುರ್ತು ಪರಿಸ್ಥಿತಿ, ಆರಾರು ತಿಂಗಳಂತೆ ಏಳು ಸಲ ಮುಂದಕ್ಕೆ ಹೋಯಿತು. ಅಂದಹಾಗೆ 2021ರ ಜುಲೈಗೆ ಜನರಲ್ ಸಾಹೇಬರಿಗೆ 65 ತುಂಬಿ ನಿವೃತ್ತಿ ಆಗಬೇಕಿತ್ತು. ನಮ್ಮ ಕಡೆ ನಿವೃತ್ತರಾದವರು ಲೇಔಟಿನ ಕ್ಷೇಮಾಭಿವೃದ್ಧಿ ಸಂಘ ಹಿಡಿಯುತ್ತಾರೆ, ಇವರು ದೇಶ ಹಿಡಿದರು. ಸೂ ಕಿ ಮೇಲೆ ಹಾಕಿದ ಮೊದಲ ಕೇಸು ಮನೆಯಲ್ಲಿ ವಾಕಿಟಾಕಿ ಇತ್ತು ಅಂತ. ಕೇಸು ಬೆಳೆದು ಬೆಳೆದು ಶಿಕ್ಷೆ 33 ವರ್ಷಕ್ಕೆ ಮುಟ್ಟಿತು. 2023ರಲ್ಲಿ ಕರುಣೆ ತೋರಿ 27ಕ್ಕೆ ಇಳಿಸಿದರು. ಎರಡು ಕೂಡು ಏಳು.

ಈ ಜನರಲ್‌ಗಳು ಮನೆಗೆ ಹೋಗಲಿ ಅಂತ ಕಾಯುವವರು ಇವರ ಅಂಗಡಿಗಳನ್ನು ನೋಡಬೇಕು. ಸೈನ್ಯಕ್ಕೆ ಎರಡು ದೊಡ್ಡ ಕಂಪನಿ ಸಮೂಹಗಳಿವೆ. ಬ್ಯಾಂಕು ಇವರದು, ಹಸಿರು ಜೇಡ್ ಕಲ್ಲಿನ ಗಣಿ ಇವರದು, ಬಿಯರ್‌ನಲ್ಲೂ ಪಾಲು. ಅಲ್ಲಿ ಸಂಜೆ ಗೆಳೆಯರ ಜೊತೆ ಒಂದು ಬಾಟಲಿ ತೆಗೆದರೂ ಜನರಲ್‌ಗಳಿಗೆ ಕಾಣಿಕೆ ಹೋಗುತ್ತಿತ್ತು. ದಂಗೆಯಾದ ಮೇಲೆ ಜನ ಆ ಬಿಯರನ್ನೇ ಬಿಟ್ಟರು. ಇಂಡೊನೇಷ್ಯಾದಲ್ಲೂ ಸೈನ್ಯಕ್ಕೆ ಸಂಸತ್ತಿನಲ್ಲಿ ಸೀಟಿದ್ದವು, ಇವರು ನಕಲು ಹೊಡೆದದ್ದು ಅಲ್ಲಿಂದಲೇ. ಅಲ್ಲಿ 1998ರಲ್ಲಿ ಸುಹಾರ್ತೊ ಬಿದ್ದ ಮೇಲೆ ಸೀಟು ಇಳಿಸುತ್ತಾ ಬಂದು 2004ಕ್ಕೆ ಪೂರ್ತಿ ಖಾಲಿ ಮಾಡಿಸಿದರು. ಇವರು ಆ ಕೊನೆಯ ಪಾಠವನ್ನೂ ಓದಿದ್ದರು. ಅದಕ್ಕೇ ಮುಕ್ಕಾಲು ಭಾಗದ ಕಲಮು.

ಅಲ್ಲಿನ ಜನ ಪ್ರಜಾಪ್ರಭುತ್ವಕ್ಕೆ ಇನ್ನೂ ತಯಾರಿಲ್ಲ ಕಣ್ರೀ ಅಂತ ಗಂಭೀರವಾಗಿ ಹೇಳುವವರಿದ್ದಾರೆ. ಕೇಳಿ ಕೇಳಿ ಸಾಕಾಗಿದೆ. 1990ರಲ್ಲಿ ಕೇಳಿದರು, ಸೈನ್ಯ ಬೇಡ ಅಂತ ಜನ ಹೇಳಿದರು. 2015ರಲ್ಲಿ ಕೇಳಿದರು, ಅದೇ ಹೇಳಿದರು. 2020ರಲ್ಲಿ ಇನ್ನೂ ಜೋರಾಗಿ ಹೇಳಿದರು. ಇನ್ನೆಷ್ಟು ತಯಾರಿ ಬೇಕು? ಸೈನ್ಯದವರು ಹಳ್ಳಿಗಳ ಮೇಲೆ, ಶಾಲೆಗಳ ಮೇಲೆ ವಿಮಾನದಿಂದ ಬಾಂಬ್ ಹಾಕುತ್ತಿದ್ದಾರೆ. 2024ರಲ್ಲಿ ಕಡ್ಡಾಯ ಸೇನಾ ಭರ್ತಿ ಅಂದ ತಕ್ಷಣ ಹುಡುಗ ಹುಡುಗಿಯರು ದೇಶ ಬಿಡೋಕೆ ಪಾಸ್‌ಪೋರ್ಟ್ ಕಚೇರಿಗೆ ಓಡಿದರು, ಮಾಂಡಲೆಯಲ್ಲಿ ಆ ನೂಕುನುಗ್ಗಲಿಗೇ ಇಬ್ಬರು ಹೆಂಗಸರು ಸತ್ತರು. ಇದರಲ್ಲಿ ನಗೋಕೆ ಏನೂ ಇಲ್ಲ. ನಮಗೆ ಬರ್ಮಾ ಅಂದರೆ ಮುಂಬಾಗಿಲಿಗೆ ಬರ್ಮಾ ಟೀಕ್, ಅಷ್ಟೇ ಸಂಬಂಧ ಅಂದುಕೊಂಡಿದ್ದೆವು. ಈಗ ಥಾಯ್ಲೆಂಡ್ ಗಡಿಯ ಮ್ಯಾವಡಿಯಂಥ ಕಡೆ ಕಾನೂನೇ ಇಲ್ಲದೆ ಸೈಬರ್ ವಂಚನೆಯ ಕಾರ್ಖಾನೆಗಳು ಎದ್ದಿವೆ. ಕೆಲಸದ ಆಸೆಗೆ ಹೋಗಿ ಸಿಕ್ಕಿಕೊಂಡ ಭಾರತದ ನೂರಾರು ಮಂದಿಯನ್ನು 2025ರಲ್ಲಿ ವಾಯುಪಡೆಯ ವಿಮಾನದಲ್ಲಿ ಕರೆತರಬೇಕಾಯಿತು.

ಇರಲಿ ಬಿಡಿ, ಚುನಾವಣೆ ಅಂತೂ ಆಯಿತಲ್ಲ. ಹೊರದೇಶದ ವೀಕ್ಷಕರೂ ಬಂದಿದ್ದರು, ರಷ್ಯಾದಿಂದ, ಬೆಲಾರೂಸ್‌ನಿಂದ. ಬೆಲಾರೂಸ್‌ನಲ್ಲಿ ಲುಕಶೆಂಕೊ 1994ರಿಂದ ಒಂದೂ ಸೋಲದೆ ಗೆಲ್ಲುತ್ತಾ ಬಂದಿದ್ದಾರೆ. ಚುನಾವಣೆ ಹೇಗೆ ನಡೆಸಬೇಕು ಅನ್ನೋದರಲ್ಲಿ ಅವರಿಗಿಂತ ಅನುಭವಸ್ಥರು ಇನ್ಯಾರು ಸಿಗುತ್ತಾರೆ?