ಹುಚ್ಚು ಬಿಟ್ಟ ಮೇಲೆ ಮದುವೆ, ಪದಕ ಬಂದ ಮೇಲೆ ದುಡ್ಡು

ಮನೆಯಲ್ಲಿ ಬಟ್ಟೆ ಉಜ್ಜುವ ಪ್ಲಾಸ್ಟಿಕ್ ಬ್ರಷ್ ಇರುತ್ತದಲ್ವಾ, ಅದನ್ನು ಮಗುಚಿ ಇಡಿ. ಅಂಥ ಸಾವಿರಾರು ಬ್ರಷ್ಷುಗಳನ್ನು ಜೇನುಗೂಡಿನ ಹಾಗೆ ಜೋಡಿಸಿ ಒಂದು ಗುಡ್ಡದ ಇಳಿಜಾರಿಗೆ ಹಾಸಿ. ಮೇಲೆ ಒಂದಿಷ್ಟು ನೀರು ಚಿಮುಕಿಸಿ. ಬ್ರಿಟನ್ನಿನ ಹಿಮಪರ್ವತ ರೆಡಿ.

ಇದಕ್ಕೆ ಡ್ರೈ ಸ್ಲೋಪ್, ಅಂದರೆ ಒಣ ಇಳಿಜಾರು ಅನ್ನುತ್ತಾರೆ, ನೀರು ಹಾಕಿದರೂ. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆ ದೇಶದ ಎಷ್ಟೋ ಸ್ಕೀ ರೇಸರ್‌ಗಳು ಮೊದಲು ಜಾರಿದ್ದು, ಬಿದ್ದದ್ದು, ಹೆಬ್ಬೆರಳನ್ನು ಬ್ರಷ್ಷಿನ ಸಂದಿಗೆ ಸಿಕ್ಕಿಸಿಕೊಂಡು ಅತ್ತದ್ದು ಎಲ್ಲ ಇದರ ಮೇಲೆಯೇ. ಆಲ್ಪ್ಸ್ ತಪ್ಪಲಿನ ಹುಡುಗಿ ಮನೆ ಬಾಗಿಲು ತೆಗೆದರೆ ಹಿಮ. ಬ್ರಿಟನ್ನಿನ ಹುಡುಗಿ ತೆಗೆದರೆ ಜಿಟಿಜಿಟಿ ಮಳೆ. ಸ್ಕಾಟ್ಲೆಂಡಿನಲ್ಲಿ ಐದು ಸ್ಕೀ ಕೇಂದ್ರಗಳಿವೆ, ನಿಜ. ಗಾಳಿ ಜಾಸ್ತಿಯಾದರೆ ಲಿಫ್ಟ್ ಬಂದ್, ಹಿಮ ಕಮ್ಮಿಯಾದರೆ ಇಳಿಜಾರೇ ಬಂದ್. ಕೇರ್ನ್‌ಗಾರ್ಮ್ ಬೆಟ್ಟ ಹತ್ತಲು 2001ರಲ್ಲಿ ಶುರು ಮಾಡಿದ ರೈಲು 2018ರಲ್ಲಿ ಕೆಟ್ಟು ನಿಂತಿತು. ನಾಲ್ಕು ವರ್ಷ ರಿಪೇರಿ ಮಾಡಿಸಿಕೊಂಡು 2023ರ ಜನವರಿಯಲ್ಲಿ ಎದ್ದು, ಅದೇ ವರ್ಷ ಆಗಸ್ಟ್‌ನಲ್ಲಿ ಮತ್ತೆ ಮಲಗಿತು.

ಇಷ್ಟೆಲ್ಲ ಆದರೂ ಗಂಟೆಗೆ 100 ಕಿ.ಮೀ. ದಾಟುವ ವೇಗದಲ್ಲಿ ಗಟ್ಟಿ ಮಂಜಿನ ಮೇಲೆ ಇಳಿಯುವ ಹೆಣ್ಣುಮಕ್ಕಳು ಆ ದೇಶದಿಂದ ಬರುತ್ತಲೇ ಇದ್ದಾರೆ. ಅವರು ಖರ್ಚಿಗೆ ದುಡ್ಡು ಕೇಳಿದಾಗ ಮಾತ್ರ ತಮಾಷೆ ಶುರುವಾಗುತ್ತದೆ.

ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತ ನಮ್ಮಲ್ಲಿ ಗಾದೆ. ನಾವು ಅದನ್ನು ಸುಮ್ನೆ ಆಡಿಕೊಂಡು ನಗುತ್ತೇವೆ. ಬ್ರಿಟಿಷರು ಅದಕ್ಕೆ ಫೈಲು ಹಾಕಿ, ಮೊಹರು ಒತ್ತಿ, ನೀತಿ ಮಾಡಿಕೊಂಡಿದ್ದಾರೆ. ಅಲ್ಲಿ ಕ್ರೀಡೆಗೆ ದುಡ್ಡು ಹಂಚುವ ಸಂಸ್ಥೆ ಯುಕೆ ಸ್ಪೋರ್ಟ್. ಪದಕ ಬರುವ ಹಾಗೆ ಕಂಡರೆ ದುಡ್ಡು. ಪದಕ ಬರಬೇಕಾದರೆ ಕೋಚ್ ಬೇಕು, ಹಿಮ ಬೇಕು, ಅಂದರೆ ದುಡ್ಡು ಬೇಕು. ದುಡ್ಡು ಬೇಕಾ? ಪದಕ ತೋರಿಸಿ. ಈ ನೀತಿಗೆ ‘ನೋ ಕಾಂಪ್ರಮೈಸ್’ ಅಂತ ಹೆಸರು ಬೇರೆ ಇಟ್ಟಿದ್ದರು. ಅಂದರೆ ಹೆಣ್ಣಿನ ಕಡೆಯವರೂ ಬಗ್ಗಲ್ಲ, ಹುಚ್ಚೂ ಬಗ್ಗಲ್ಲ.

ನೀತಿ ಪೂರ್ತಿ ದಂಡ ಅಂತ ಹೇಳಿದರೆ ಸುಳ್ಳಾಗುತ್ತದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಿಂದ ಒಂದೇ ಒಂದು ಚಿನ್ನ ಹಿಡಿದು ಮನೆಗೆ ಬಂದ ದೇಶ, 2012ರಲ್ಲಿ ತನ್ನ ಮನೆಯಂಗಳದಲ್ಲೇ 29 ಚಿನ್ನ ಬಾಚಿಕೊಂಡಿತು. ಸೈಕಲ್ಲು, ದೋಣಿಗಳಿಗೆ ಹಾಕಿದ ಗೊಬ್ಬರ ಚೆನ್ನಾಗಿಯೇ ಫಲ ಕೊಟ್ಟಿತು. ಬೆಳೆದು ನಿಂತ ಪೈರಿಗೆ ನೀರು ಬಿಟ್ಟು, ಒಣ ಹೊಲಕ್ಕೆ ಮಾತ್ರ ‘ನೀನು ಮೊದಲು ಬೆಳೆ’ ಅಂದರೆ ಹೇಗೆ ಅನ್ನುವುದಷ್ಟೇ ನನ್ನ ತಕರಾರು.

ಇನ್ನೂ ಮಜಾ ಇದೆ. ಈ ದುಡ್ಡಿನಲ್ಲಿ ದೊಡ್ಡ ಪಾಲು ಬರುವುದು ಅಲ್ಲಿನ ರಾಷ್ಟ್ರೀಯ ಲಾಟರಿಯಿಂದ. ಲಾಟರಿಯ ಮೊದಲ ಬಹುಮಾನ ಬರುವ ಅವಕಾಶ ಸುಮಾರು ನಾಲ್ಕೂವರೆ ಕೋಟಿಯಲ್ಲಿ ಒಂದು. ಅಂಥದ್ದಕ್ಕೆ ಕಣ್ಣು ಮುಚ್ಚಿ ಎರಡು ಪೌಂಡ್ ಕೊಡುವ ಜನ ಆ ದೇಶದಲ್ಲಿದ್ದಾರೆ. ಹೀಗೆ ಜೂಜಿನಿಂದ ಕೂಡಿದ ದುಡ್ಡು ಕಚೇರಿಯ ಹೊಸ್ತಿಲು ದಾಟಿದ ತಕ್ಷಣ ಮಡಿವಂತ ಆಗಿಬಿಡುತ್ತದೆ. ‘ಛೆ ಛೆ, ನಾವು ಗ್ಯಾರಂಟಿ ಇಲ್ಲದ ಕಡೆ ದುಡ್ಡು ಹಾಕಲ್ಲ.’

ಹಾಗಾದರೆ ಈ ಆಟ ಇವರದಲ್ಲವೇನೋ, ಯಾರದೋ ಊರಿನ ಹವ್ಯಾಸಕ್ಕೆ ಯಾಕೆ ದುಡ್ಡು ಅಂತ ನೀವು ಕೇಳಬಹುದು. ಈ ರೇಸಿನ ಆಟ ಕಟ್ಟಿದವರೇ ಇವರು! 1922ರಲ್ಲಿ ಸ್ವಿಟ್ಜರ್ಲೆಂಡಿನ ಮ್ಯೂರೆನ್‌ನಲ್ಲಿ ಕಂಬ ನೆಟ್ಟು, ಅವುಗಳ ನಡುವೆ ಹಾವಿನ ಹಾಗೆ ತಿರುಗುತ್ತಾ ಇಳಿಯುವ ಈಗಿನ ಸ್ಲಾಲಂ ಓಟಕ್ಕೆ ರೂಪ ಕೊಟ್ಟವನು ಆರ್ನಾಲ್ಡ್ ಲನ್ ಎಂಬ ಇಂಗ್ಲಿಷ್ ದೊರೆ. 1923ರಲ್ಲೇ ಅಲ್ಲಿ ಬ್ರಿಟಿಷ್ ಹೆಂಗಸರದ್ದೇ ಒಂದು ಸ್ಕೀ ಕ್ಲಬ್ ಹುಟ್ಟಿತ್ತು. 1931ರಲ್ಲಿ ಅದೇ ಮ್ಯೂರೆನ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಎಡಿನ್‌ಬರೋದ ಎಸ್ಮೆ ಮ್ಯಾಕಿನನ್ ವೇಗವೇ ಮುಖ್ಯವಾದ ಡೌನ್‌ಹಿಲ್ಲೂ ಗೆದ್ದಳು, ಸ್ಲಾಲಮ್ಮೂ ಗೆದ್ದಳು. ವಯಸ್ಸು 17. 1936ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಎವೆಲಿನ್ ಪಿಂಚಿಂಗ್ ಎರಡು ಚಿನ್ನ ತಂದಳು. ಆಗ ಯಾವ ನೀತಿ ಇತ್ತು? ಅಪ್ಪನ ಜೇಬು ಎಂಬ ನೀತಿ. ಚಳಿಗಾಲ ಬಂದರೆ ಸ್ವಿಟ್ಜರ್ಲೆಂಡಿನ ಹೋಟೆಲಿನಲ್ಲಿ ತಿಂಗಳುಗಟ್ಟಲೆ ಉಳಿಯುವಷ್ಟು ಉಳ್ಳವರ ಆಟ ಅದು. ಅಪ್ಪ ಯಾವತ್ತೂ ‘ಪದಕದ ಸಾಧ್ಯತೆ ಎಷ್ಟು ಶೇಕಡಾ ಮಗಳೇ’ ಅಂತ ಕೇಳಿರಲಿಕ್ಕಿಲ್ಲ.

ಆಮೇಲೆ ಆಲ್ಪ್ಸ್‌ನವರು ಆಟ ಕಲಿತರು. ನಮಗೆ ಕ್ರಿಕೆಟ್ ಕಲಿಸಿ ನಮ್ಮ ಕೈಯಲ್ಲೇ ಸೋಲುವ ಅಭ್ಯಾಸ ಇರುವ ದೇಶಕ್ಕೆ ಇದೇನು ಹೊಸದಲ್ಲ ಬಿಡಿ. ಅವರ ಕಡೆ ಹಿಮ ಇತ್ತು, ಮನೆ ಪಕ್ಕದಲ್ಲೇ ಬೆಟ್ಟ ಇತ್ತು. ಆದರೂ 1968ರ ಗ್ರೆನೋಬಲ್ ಒಲಿಂಪಿಕ್ಸ್‌ನ ಸ್ಲಾಲಂನಲ್ಲಿ ಬ್ರಿಟನ್ನಿನ ಜೀನಾ ಹ್ಯಾಥಾರ್ನ್ ನಾಲ್ಕನೆಯವಳಾದಳು. ಕಂಚು ತಪ್ಪಿದ್ದು 0.03 ಸೆಕೆಂಡಿಗೆ. ಸ್ಲಾಲಂ ವೇಗದಲ್ಲಿ ಅದು ಸುಮಾರು ಒಂದು ಅಡಿ ದೂರ. ನಾಲ್ಕೂವರೆ ಕೋಟಿಯಲ್ಲಿ ಒಂದಕ್ಕೆ ದುಡ್ಡು ಕಟ್ಟುವವರ ದೇಶದಲ್ಲಿ ಒಂದು ಅಡಿಗೆ ಎಷ್ಟು ಬೆಲೆ ಅಂತ ಲೆಕ್ಕ ಹಾಕಿದವರು ಕಾಣೆ. ಅದೇ ತಂಡದ ದಿವಿನಾ ಗಲಿಕಾ ಮುಂದೆ ಹಿಮ ಬಿಟ್ಟು ಕಾರು ಹತ್ತಿ, 1976ರ ಬ್ರಿಟಿಷ್ ಗ್ರ್ಯಾಂಡ್ ಪ್ರೀಗೆ 13ನೇ ನಂಬರಿನ ಫಾರ್ಮುಲಾ ಒನ್ ಗಾಡಿಯಲ್ಲಿ ಹೆಸರು ಹಾಕಿದರು. ಸ್ಕೀಗಿಂತ ಅಗ್ಗದ ಆಟ ಹುಡುಕಿಕೊಂಡು ಹೋಗಿದ್ದರೋ ಏನೋ.

ಚೆಮ್ಮಿ ಆಲ್ಕಾಟ್ ಎಂಬ ಬ್ರಿಟಿಷ್ ಸ್ಕೀ ರೇಸರ್ ಕಥೆಗೆ ಬರೋಣ. 2006ರ ಟುರಿನ್ ಒಲಿಂಪಿಕ್ಸ್‌ನ ಡೌನ್‌ಹಿಲ್‌ನಲ್ಲಿ 11ನೇ ಸ್ಥಾನ. 2009ರ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದ ಸೋಲ್ಡನ್‌ನಲ್ಲಿ ನಡೆದ ವಿಶ್ವಕಪ್ ಜೈಂಟ್ ಸ್ಲಾಲಂನ (ಕಂಬಗಳು ಇನ್ನೂ ದೂರ ದೂರ ಇರುವ ಸ್ಲಾಲಂ) ಎರಡನೇ ಓಟದಲ್ಲಿ ಎಲ್ಲರಿಗಿಂತ ವೇಗ. ಆಸ್ಟ್ರಿಯನ್ನರಿಗಿಂತ, ಸ್ವಿಸ್ಸರಿಗಿಂತ, ಎಲ್ಲರಿಗಿಂತ. ಇನ್ನು ನಾಲ್ಕು ತಿಂಗಳಿಗೆ ವ್ಯಾಂಕೂವರ್ ಒಲಿಂಪಿಕ್ಸ್. ಇಂಥ ಹೊತ್ತಲ್ಲಿ ದೇಶದ ಸ್ಕೀ ಸಂಸ್ಥೆ ಏನು ಮಾಡಬೇಕು? ದಿವಾಳಿ ಎದ್ದಿತು! 2010ರ ಫೆಬ್ರವರಿಯಲ್ಲಿ, ಉದ್ಘಾಟನೆಗೆ ಕೆಲವೇ ದಿನ ಇರುವಾಗ, ಸ್ನೋಸ್ಪೋರ್ಟ್ ಜಿಬಿ ಕೈಯೆತ್ತಿತು. ದಿಬ್ಬಣ ಛತ್ರದ ಬಾಗಿಲಿಗೆ ಬಂದ ಮೇಲೆ ಅಡುಗೆಯವರು ಪಾತ್ರೆ ಸಮೇತ ಓಡಿಹೋದ ಹಾಗೆ. ಒಲಿಂಪಿಕ್ ಸಂಘದವರು ಓಡಿಬಂದು ಸೌಟು ಹಿಡಿದಿದ್ದರಿಂದ ಹೇಗೋ ಊಟ ಆಯಿತು.

ಅದೇ ವರ್ಷ ಡಿಸೆಂಬರ್‌ನಲ್ಲಿ ಕೆನಡಾದ ಲೇಕ್ ಲೂಯಿಸ್‌ನಲ್ಲಿ ಬಿದ್ದು ಆಲ್ಕಾಟ್ ಕಾಲು ಮುರಿಯಿತು. ಕೂಡಿಕೊಂಡಿತು. 2013ರಲ್ಲಿ ಮತ್ತೆ ಮುರಿಯಿತು. ಮತ್ತೆ ಕೂಡಿಕೊಂಡಿತು. 2014ರಲ್ಲಿ ಸೋಚಿಯಲ್ಲಿ ಅವರು ನಾಲ್ಕನೇ ಒಲಿಂಪಿಕ್ಸ್‌ಗೆ ಇಳಿದರು. ದೇಶದ ಸ್ಕೀ ಖಾತೆಗಿಂತ ಆ ಮೂಳೆಗಳೇ ವಾಸಿ.

ಸೋಚಿಯಲ್ಲೇ, ಮಾರ್ಚ್ ತಿಂಗಳ ಪ್ಯಾರಾಲಿಂಪಿಕ್ಸ್‌ನಲ್ಲಿ, ದೃಷ್ಟಿ ತೀರಾ ಕಮ್ಮಿ ಇರುವ ಕೆಲ್ಲಿ ಗ್ಯಾಲಘರ್ ಸೂಪರ್-ಜಿ ಎಂಬ ವೇಗದ ಓಟದಲ್ಲಿ ಚಿನ್ನ ಗೆದ್ದರು. ಹಿಮದ ಮೇಲೆ ಚಳಿಗಾಲದ ಪ್ಯಾರಾಲಿಂಪಿಕ್ಸ್‌ನಲ್ಲಿ ಬ್ರಿಟನ್ನಿಗೆ ಅದೇ ಮೊದಲ ಚಿನ್ನ. ಮುಂದೆ ಮುಂದೆ ಗೈಡ್ ಚಾರ್ಲೊಟ್ ಎವಾನ್ಸ್, ಎದ್ದು ಕಾಣುವ ಬಣ್ಣದ ಅಂಗಿ ತೊಟ್ಟು, ಹೆಲ್ಮೆಟ್ಟಿನೊಳಗಿನ ಮೈಕಿನಲ್ಲಿ ತಿರುವು ಹೇಳುತ್ತಾ ಇಳಿಯುವುದು. ಹಿಂದೆ ಇವರು, ಆ ದನಿ ನಂಬಿ. 2018ರಲ್ಲಿ ಪ್ಯೊಂಗ್‌ಚಾಂಗ್‌ನಲ್ಲಿ ಮೆನ್ನಾ ಫಿಟ್ಜ್‌ಪ್ಯಾಟ್ರಿಕ್, ಗೈಡ್ ಜೆನ್ನಿಫರ್ ಕೆಹೋ ಜೋಡಿ ಒಂದು ಚಿನ್ನದ ಜೊತೆ ಒಟ್ಟು ನಾಲ್ಕು ಪದಕ ತಂದಿತು. ಕಣ್ಣಿಗೆ ಕಾಣದ ದಾರಿಯಲ್ಲಿ ಇವರು ಅಷ್ಟು ಧೈರ್ಯವಾಗಿ ಇಳಿಯುತ್ತಾರೆ. ಕಣ್ಣೆದುರು ಇರುವ ಹುಡುಗಿಯ ಮೇಲೆ ನಾಲ್ಕು ಕಾಸು ಹಾಕಲು ಕಚೇರಿಗೆ ಕೈ ನಡುಗುತ್ತದೆ.

ಅದಕ್ಕೇ ಈಗ ಇಂಟರ್ನೆಟ್ಟಿನಲ್ಲಿ ಚಂದಾ ಎತ್ತುವ ಕಾಲ. ಗಣೇಶನ ಹಬ್ಬಕ್ಕೆ ಬೀದಿ ಹುಡುಗರು ರಸೀದಿ ಪುಸ್ತಕ ಹಿಡಿದು ಬರುವುದಿಲ್ಲವೇ, ಹಾಗೇ. ಸ್ಕೀಗಳು ಜೊತೆಗಟ್ಟಲೆ ಬೇಕು, ಅವಕ್ಕೆ ಮೇಣ ಉಜ್ಜುವ ತಂತ್ರಜ್ಞ ಬೇಕು, ಆಲ್ಪ್ಸ್‌ನಲ್ಲಿ ರೂಮು ಬೇಕು, ಮೂಳೆ ಮುರಿದರೆ ಇರಲಿ ಅಂತ ವಿಮೆ ಬೇಕು. ಚಿಕ್ಕಮ್ಮ ಐವತ್ತು ಪೌಂಡ್ ಹಾಕುತ್ತಾಳೆ, ಪಕ್ಕದ ಮನೆಯವರು ಇಪ್ಪತ್ತು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಮ್ಯಾಕಿನನ್ ವಯಸ್ಸಿನದೇ ಒಬ್ಬ ಹುಡುಗಿ, ಆದರೆ ಜೇಬು ತುಂಬಿದ ಅಪ್ಪ ಇಲ್ಲದವಳು, ಇವತ್ತು ಅರ್ಜಿ ಹಿಡಿದು ಹೋದಳು ಅಂದುಕೊಳ್ಳಿ.

“ಇದುವರೆಗೆ ಎಷ್ಟು ಪದಕ?”

“ಇನ್ನೂ ಇಲ್ಲ ಸರ್. ಗೆಲ್ಲೋಕೇ ಸಹಾಯ ಕೇಳ್ತಿರೋದು.”

“ಗೆಲ್ಲುತ್ತೀರಿ ಅನ್ನೋದಕ್ಕೆ ಆಧಾರ?”

“ನಮ್ಮೂರ ಬ್ರಷ್ ಗುಡ್ಡದಲ್ಲಿ ನನ್ನಷ್ಟು ಬೇಗ ಯಾರೂ ಇಳಿಯಲ್ಲ ಸರ್.”

“ಒಲಿಂಪಿಕ್ಸ್ ಬ್ರಷ್ ಮೇಲೆ ನಡೆಯಲ್ಲವಲ್ಲ.”

“ಅದಕ್ಕೇ ಸರ್, ಹಿಮ ಇರೋ ಕಡೆ ಹೋಗೋಕೆ...”

“ಪದಕ ಬಂದ ಮೇಲೆ ಬನ್ನಿ, ಖಂಡಿತ ನೋಡೋಣ. ಹಾಂ, ಮೆಟ್ಟಿಲು ಇಳಿದರೆ ಬಲಗಡೆ ಒಂದು ಅಂಗಡಿ ಇದೆ. ಎರಡು ಪೌಂಡಿಗೆ ಲಾಟರಿ ಟಿಕೆಟ್ ಸಿಗುತ್ತೆ. ಒಂದು ತಗೊಂಡು ಹೋಗಿ. ಅದರಲ್ಲಿ ಸ್ವಲ್ಪ ದುಡ್ಡು ಕ್ರೀಡೆಗೂ ಬರುತ್ತೆ.”