ಸರ್ಟಿಫಿಕೇಟಿನ ಮೇಲಿನ ಶಿಕ್ಕಾ

ನಿನ್ನೆ ನನ್ನ ತಮ್ಮ ಮಧ್ಯಾಹ್ನವೇ ಕೆಲಸದಿಂದ ಬಂದ. ಊಟಕ್ಕೆ ಏಳಲಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ. ಕೆದಕಿ ಕೆದಕಿ ಕೇಳಿದ ಮೇಲೆ ಬಾಯಿ ಬಿಟ್ಟ: "ಅಕ್ಕಾ, ನಾಳಿಂದ ಬರಬ್ಯಾಡ ಅಂದ್ರು."

ಹುಬ್ಬಳ್ಳಿಯ ಒಂದು ಫರ್ನಿಚರ್ ಅಂಗಡಿಯಲ್ಲಿ ಹನ್ನೊಂದು ದಿನ ಕೆಲಸ ಮಾಡಿದ್ದ. ಮೂರನೇ ದಿನ ಆ ಸಾವ್ಕಾರರೇ ನನ್ನ ಯಜಮಾನರಿಗೆ ಫೋನ್ ಮಾಡಿ, "ಹುಡುಗನ ಕೈ ಭಾಳ ಚಲೋ ಐತ್ರಿ, ಚೌಕಟ್ಟಿನ ಸಂದು ಇಷ್ಟು ಬಿಗಿ ಕೂಡಸಾವ್ರು ಈಗ ಸಿಗೂದಿಲ್ಲ" ಅಂದಿದ್ದರು. ಹನ್ನೊಂದನೇ ದಿನ ಕಾಗದಪತ್ರ ಕೇಳಿದರು. ಇವನು ಆಧಾರ್ ಕಾರ್ಡಿನ ಜೊತೆ ಬಡಿಗತನದ ತರಬೇತಿಯ ಸರ್ಟಿಫಿಕೇಟನ್ನೂ ಕೊಟ್ಟ. ಹೆಮ್ಮೆಯಿಂದ ಕೊಟ್ಟ, ಅದೊಂದೇ ಅವನು ಗಳಿಸಿದ ಸರ್ಟಿಫಿಕೇಟು. ಅದರ ಕೆಳಗೆ ಜೈಲಿನ ಶಿಕ್ಕಾ ಇತ್ತು. ಸಾವ್ಕಾರರು ಓದಿದರು, ಮಡಚಿದರು, ವಾಪಸ್ ಕೊಟ್ಟರು. "ಮಂದಿ ಮನ್ಯಾಗ ಹೋಗಿ ಮಾಡೂ ಕೆಲಸಪಾ ಇದು, ನಾಳೆ ಏನರ ಆತಂದ್ರ ನನ್ನ ಹೆಸರು ಕೆಡ್ತೈತಿ." ಅದುವರೆಗೆ ಹನ್ನೊಂದು ದಿನ ಮಂದಿ ಮನೆಗೆ ಹೋಗಿ ಮಾಡಿದನಲ್ಲ, ಏನಾಯಿತು ಅಂತ ಕೇಳುವ ಧೈರ್ಯ ಇವನಿಗೆ ಇರಲಿಲ್ಲ. ನನಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮುಚ್ಚಿಡುವುದಿಲ್ಲ. ಹಾವೇರಿ ಜಿಲ್ಲೆಯ ನಮ್ಮೂರಲ್ಲಿ ಹೊಲದ ಬದುವಿನ ಜಗಳದಲ್ಲಿ ಒಂದು ಜೀವ ಹೋಯಿತು. ಇವನ ಕೈಯಿಂದಲೇ ಹೋಯಿತು. ಆ ಮನೆಯ ಹೆಣ್ಣುಮಗಳ ಮುಖ ನೋಡಲು ನನಗೆ ಇವತ್ತಿಗೂ ಆಗುವುದಿಲ್ಲ. ಇವನು ಊರಿಗೆ ಹೋಗದೆ ಹುಬ್ಬಳ್ಳಿಯಲ್ಲಿ ನನ್ನ ಮನೆಯಲ್ಲಿ ಇರುವುದೂ ಅದಕ್ಕೇ. ಶಿಕ್ಷೆ ಆಗಬೇಕಿತ್ತು, ಆಯಿತು. ಏಳು ವರ್ಷದ ಕಠಿಣ ಸಜೆ. ವಿಚಾರಣೆಯಲ್ಲಿ ಕಳೆದ ಎರಡು ವರ್ಷ ಅದರಲ್ಲಿ ವಜಾ ಆಯಿತು, ಸನ್ನಡತೆಗೆ, ದುಡಿಮೆಗೆ ಸ್ವಲ್ಪ ಮಾಫಿ ಸಿಕ್ಕಿತು. ಪುಕ್ಕಟೆ ಬಿಟ್ಟು ಕಳಿಸಿಲ್ಲ.

ಆ ಮೊದಲ ಎರಡು ವರ್ಷದ ಬಗ್ಗೆಯೂ ಹೇಳಬೇಕು. ವಿಚಾರಣಾಧೀನ ಕೈದಿಯ ಕೈಯಲ್ಲಿ ಒತ್ತಾಯದಿಂದ ಕೆಲಸ ಮಾಡಿಸುವಂತಿಲ್ಲ, ಸರಿ. ಆದರೆ ಅದೇ ನೆಪದಲ್ಲಿ ಏನೂ ಕಲಿಸಲೂ ಇಲ್ಲ. ಬ್ಯಾರಕ್ಕಿನಲ್ಲಿ ಮಲಗುವುದು, ಏಳುವುದು, ಎಣಿಕೆಗೆ ನಿಲ್ಲುವುದು. ದೇಶದ ಜೈಲುಗಳಲ್ಲಿ 2022ರ ಕೊನೆಗೆ ಇದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು. ನಾಲ್ವರಲ್ಲಿ ಮೂವರು! ಸುಧಾರಣೆ ಅಂತ ಭಾಷಣ ಮಾಡುವವರು ಈ ಮೂವರ ಬಗ್ಗೆ ಯಾವತ್ತಾದರೂ ಮಾತಾಡಿದ್ದಾರಾ?

ಸಜೆಯಾದ ಮೇಲೆ ಬಡಿಗತನದ ವಿಭಾಗಕ್ಕೆ ಹಾಕಿದರು. ಅಲ್ಲಿಂದ ಅವನು ಬೇರೆಯೇ ಮನುಷ್ಯನಾದ. ಮುಲಾಕಾತಿಗೆ ಹೋದರೆ ಮೊದಲು ಬರೀ ಅಳುತ್ತಿದ್ದವನು ಆಮೇಲೆ ಜಾಳಿಗೆಯ ಆಚೆಯಿಂದ ಅಂಗೈ ತೋರಿಸಿ, "ನೋಡ್ ಅಕ್ಕಾ, ರಂದಾ ಹೊಡದು ಹೊಡದು ಹೆಂಗ ದಡ್ಡುಗಟ್ಟೇತಿ" ಅಂತಿದ್ದ. ಈಚೆ ಹತ್ತು ಮಂದಿ, ಆಚೆ ಹತ್ತು ಮಂದಿ ಒಟ್ಟಿಗೆ ಒದರುವ ಗದ್ದಲದಲ್ಲಿ ನಮ್ಮವ್ವನಿಗೆ ಒಂದಕ್ಷರ ಕೇಳಿಸುತ್ತಿರಲಿಲ್ಲ. ಅವನ ಕೈ ನೋಡಿಯೇ ತಿಳಿದುಕೊಳ್ಳುತ್ತಿದ್ದಳು. ಒಳಗೆ ಕಲಿಸಿದ ಮೇಸ್ತ್ರಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಕೆಲಸ ಮಾಡಿಸಿದರೆ ನ್ಯಾಯವಾದ ಕೂಲಿ ಕೊಡಬೇಕು, ಅದರಲ್ಲಿ ಒಂದು ಪಾಲು ನೊಂದ ಕುಟುಂಬಕ್ಕೆ ಹೋಗಬೇಕು ಅಂತ ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ. ಇವನು ಅದನ್ನು ಕೇಳಿ, "ಪೂರಾ ತಗೊಂಡ್ರೂ ನಡೀತೈತಿ ಅಕ್ಕಾ" ಅಂದಿದ್ದ.

ಇಷ್ಟೆಲ್ಲ ಮಾಡಿ, ಕೊನೆಗೆ ಗೇಟಿನ ಹೊರಗೆ ಬಿಟ್ಟು ಬಾಗಿಲು ಹಾಕಿಕೊಂಡರು. ಮುಂದೆ ಎಲ್ಲಿ ಹೋಗುತ್ತೀ, ಯಾರ ಹತ್ತಿರ ಕೆಲಸ ಕೇಳುತ್ತೀ ಅಂತ ಒಬ್ಬರೂ ವಿಚಾರಿಸಲಿಲ್ಲ. ಕೇಂದ್ರ ಸರ್ಕಾರದ 2016ರ ಮಾದರಿ ಕಾರಾಗೃಹ ಕೈಪಿಡಿಯಲ್ಲಿ ಬಿಡುಗಡೆಯ ನಂತರದ ಆರೈಕೆಗೆ ಒಂದು ಅಧ್ಯಾಯವೇ ಇದೆ. ಒಳಗಿನ ಸುಧಾರಣೆಯಿಂದ ಅದನ್ನು ಬೇರೆ ಮಾಡಬಾರದು ಅಂತ ಬರೆದಿದ್ದಾರೆ. ಬರೆದದ್ದು ಪುಸ್ತಕದಲ್ಲೇ ಉಳಿಯಿತು. ಹೋಗಲಿ, ತರಬೇತಿಯ ಸರ್ಟಿಫಿಕೇಟಿನ ಮೇಲೆ ಜೈಲಿನ ಹೆಸರು ಯಾಕೆ ಬೇಕು? ಸರ್ಕಾರದ್ದೇ ಐಟಿಐಗಳಿಲ್ಲವೇ, ಅವುಗಳ ಮೂಲಕ ಪರೀಕ್ಷೆ ಮಾಡಿಸಿ ಅವುಗಳ ಹೆಸರಲ್ಲೇ ಕೊಡಲು ಏನು ಅಡ್ಡಿ? ಕಲಿಸಿದ ಕೈಯೇ ಹಣೆಗೆ ಬರೆ ಹಾಕಿ ಕಳಿಸಿದಂತಾಯಿತಲ್ಲ!

ಇದೇ ಮೊದಲಲ್ಲ. ಇದಕ್ಕೂ ಮುಂಚೆ ಒಂದು ಗೋದಾಮಿನವರು ಪೊಲೀಸ್ ವೆರಿಫಿಕೇಶನ್ ಕೇಳಿದರು, ಅಲ್ಲಿಗೆ ಮುಗಿಯಿತು. ಬಾಡಿಗೆಗೆ ಒಂದು ಖೋಲಿ ನೋಡಿದ್ದೆವು, ಯಾರೋ ಕಿವಿ ಊದಿದರು, ಅಡ್ವಾನ್ಸ್ ವಾಪಸ್ ಬಂತು.

ವಕೀಲರ ಹಿಂದೆ ವರ್ಷಗಟ್ಟಲೆ ಅಲೆದವಳು ನಾನು, ಒಂದಿಷ್ಟು ಕಾನೂನು ನನಗೂ ಗೊತ್ತಾಗಿದೆ. ಬಾಲಕರು ತಪ್ಪು ಮಾಡಿದರೆ 2015ರ ಬಾಲನ್ಯಾಯ ಕಾಯ್ದೆಯಂತೆ ಬಹುಪಾಲು ಪ್ರಕರಣಗಳಲ್ಲಿ ಆ ದಾಖಲೆಯನ್ನೇ ನಾಶ ಮಾಡುತ್ತಾರೆ. 1958ರ ಪ್ರೊಬೇಶನ್ ಕಾಯ್ದೆಯಡಿ ಜೈಲಿಗೆ ಕಳಿಸದೆ ಬಿಟ್ಟವರಿಗೆ, ತಪ್ಪು ಸಾಬೀತಾಗಿದ್ದರೂ ಅದರಿಂದ ಯಾವ ಅನರ್ಹತೆಯೂ ಅಂಟುವುದಿಲ್ಲ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾದ ರಾಜಕಾರಣಿ ಕೂಡ ಬಿಡುಗಡೆಯಾಗಿ 6 ವರ್ಷ ಕಳೆದರೆ ಮತ್ತೆ ಎಲೆಕ್ಷನ್ನಿಗೆ ನಿಲ್ಲಬಹುದು. ಕಾನೂನು ಮಾಡುವ ಕುರ್ಚಿಯಲ್ಲೇ ಕೂರಬಹುದು! ಆ ಕುರ್ಚಿ ಮಾಡಲು ಬರುವವನಿಗೆ ಎಷ್ಟು ವರ್ಷ? ಸಜೆ ಪೂರ್ತಿ ಅನುಭವಿಸಿ ಬಂದ ಸಾಮಾನ್ಯ ಮನುಷ್ಯನಿಗೆ ಇಂಥದ್ದೊಂದು ಗಡುವು ಯಾವ ಕಾಯ್ದೆಯಲ್ಲಿದೆ, ತೋರಿಸಿ.

ಒಳಗಿನ ರೂಢಿ ಇನ್ನೂ ಹೋಗಿಲ್ಲ. ಬೆಳಗ್ಗೆ ಐದಕ್ಕೆಲ್ಲ ಏಳುತ್ತಾನೆ, ಹಾಸಿಗೆ ಅಳತೆ ಹಿಡಿದಂತೆ ಮಡಚಿಡುತ್ತಾನೆ. ಇವತ್ತೂ ಎದ್ದ, ಮಡಚಿದ, ಉಳಿ ಮಸೆದಿಟ್ಟ, ಆಮೇಲೆ ಎಲ್ಲಿಗೆ ಹೋಗಬೇಕೋ ತಿಳಿಯದೆ ಕಟ್ಟೆ ಮೇಲೆ ಕೂತ. ನಾನು ಚಹಾ ಕೊಟ್ಟು ಏನೂ ಮಾತಾಡದೆ ಒಳಗೆ ಬಂದೆ.

ಹುಬ್ಬಳ್ಳಿ-ಧಾರವಾಡದಲ್ಲಿ ಯಾರಿಗಾದರೂ ಬಾಗಿಲು, ಕಿಟಕಿ, ಮಂಚದ ಕೆಲಸ ಇದ್ದರೆ ತಿಳಿಸಿ. ಕೂಲಿ ಮೊದಲ ವಾರದ ಕೆಲಸ ನೋಡಿದ ಮೇಲೆ ಕೊಡಿ. ಜೈಲಿನಿಂದ ಬಂದವನು ಅಂತ ಈಗಲೇ ಹೇಳಿದ್ದೇನೆ, ಹನ್ನೊಂದನೇ ದಿನ ಕಾಗದ ನೋಡಿ ಕಳಿಸಬೇಡಿ.